ಬಿಳಿ ಗೆರೆ

ಕಪನೂರ ಇಂಡಸ್ಟ್ರಿಯಲ್ ಏರಿಯಾದ ಹಿಂದಿನ ಸಾಲು.
ದಾಲ್ ಮಿಲ್ಲಿನ ತೊಗರಿ ಹೊಟ್ಟು ಗಾಳಿಗೆ ಹಾರಿ ಬಂದು
ಲೇತಿನ ಎಣ್ಣೆಗೆ ಅಂಟುವ ಕಡೆ
ಲಾಡ್ಲೇಸಾಬರ ಶೆಡ್ಡು.
ಅಲ್ಲಿ ನನ್ನದು ಹನ್ನೊಂದು ವರ್ಷದ ಕೈ.

ಮಾರ್ಚಿನ ಒಂದು ಮಧ್ಯಾಹ್ನ, ತಗಡು ಕಾದು ಟಣ್ ಅನ್ನುವ ಹೊತ್ತು,
ಪಾಲಿಟೆಕ್ನಿಕ್ಕಿನ ಮಹಾನಂದಾ ಮೇಡಂ
ಹಳೇ ಕಾಂಟೆಸ್ಸಾವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು.
ಮೂಲದ ಎಂಜಿನ್ ಕಿತ್ತು ಬೇರೆಯದು ಕೂರಿಸಿದ್ದರಂತೆ.
‘ಆರುನೂರು ಕುದುರಿ, ಉಸ್ತಾದ.
ಎರಡನೇ ಗೇರಿಗೇ ಶಾಫ್ಟು ಹೋತು.’
ಡಿಕ್ಕಿಯಲ್ಲಿ ಮಲಗಿತ್ತು ಅದು,
ಹಿಂಡಿ ಮರೆತ ಒದ್ದೆ ಟವೆಲ್ಲಿನ ಹಾಗೆ.

ಅವರ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ:
ಉಕ್ಕು, ಅಲ್ಯುಮಿನಿಯಂ, ಕಾರ್ಬನ್ ಫೈಬರ್.
ತೂಕ, ದರ, ನಿಮಿಷಕ್ಕೆ ಎಷ್ಟು ಸುತ್ತು ದಾಟಿದರೆ
ಕೊಳವೆಯ ನಡು ಬಳುಕಿ
ಹುಡುಗಿಯರ ಹಗ್ಗದಾಟದ ಹಗ್ಗವಾಗುತ್ತದೆ ಎಂಬ ಲೆಕ್ಕ,
ಕೆಂಪು ಇಂಕಿನಲ್ಲಿ.
ಉಸ್ತಾದ ನೋಡಲಿಲ್ಲ.
ಓದು ಬಾರದೆಂದಲ್ಲ, ಕನ್ನಡಕ ಮನೆಯಲ್ಲಿತ್ತು.

ಮೇಡಂ ತಂದ ಮೂರು ತುಂಡುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರು.
ಉಕ್ಕು ಬಹಳ ಹೊತ್ತು ಗುನುಗಿತು.
ಅಲ್ಯುಮಿನಿಯಂ, ಊಟದ ಡಬ್ಬಿ ಮುಚ್ಚಿದಷ್ಟು.
ಕಾರ್ಬನ್ನು ಒಣ ಸೋರೆಬುರುಡೆಯಂತೆ
ಟೊಕ್ ಅಂದು ಸುಮ್ಮನಾಯಿತು.

‘ಗಟ್ಟಿ ಯಾವುದು ಅಂತ ಎಲ್ಲಾರೂ ಕೇಳ್ತಾರ, ಬೇಟಿ.
ಮುರಿಯೋದು ಹ್ಯಾಂಗ ಅಂತ ಯಾರೂ ಕೇಳಂಗಿಲ್ಲ.
ಕಾರ್ಬನ್ನು ಒಡದ್ರ ಬಾರಿಗಿ ಆಗ್ತದ, ಎಳಿ ಎಳಿ.
ಒಳಗ ಕುಂತವರಿಗಿ ಹತ್ತಂಗಿಲ್ಲ. ಛಲೋ ಮಾಲು.
ಖರೆ, ಒಂದು ಕಡಿಕಲ್ಲು ಸಿಡಿದು ತಾಗಿದ್ರ
ಒಳಗೊಳಗೇ ಗಾಯ, ಮುಖದ ಮ್ಯಾಲ ಏನೂ ಇಲ್ಲ.
ಅಲ್ಯುಮಿನಿ ಹಗುರ, ಸೊಕ್ಕಿಲ್ಲ.
ದಣಿವು ಕೂಡಿಟ್ಕೊಂತದ. ಒಂದಿನ ಕೆಲಸ ಬಿಟ್ಟು ಹೋಗ್ತದ,
ಪಗಾರ ಸುದ್ದಾ ಕೇಳಂಗಿಲ್ಲ.
ಉಕ್ಕು ಭಾರ. ಆದ್ರ ಹೇಳಿ ಹೋಗ್ತದ.’

‘ಅದು ಹೇಳೋದು ನಿಮಗ ಕೇಳಸ್ತದ ಏನು?’
ಮೇಡಂ ನಕ್ಕರು. ಲೇತು ಅವರ ಬಲಗಿವಿಯನ್ನು
ತಿಂದು ಮುಗಿಸಿದ್ದು ಗೊತ್ತಿರಲಿಲ್ಲ.

ಉಸ್ತಾದ ಲುಂಗಿಯನ್ನು ಮೊಣಕಾಲ ತನಕ ಸರಿಸಿದರು.
ಅಫಜಲಪುರ ರಸ್ತೆ, ಟೆಂಪೋ.
ಮುಂದಿನ ಜೋಡು ಕಳಚಿ ಶಾಫ್ಟು ಡಾಂಬರಿಗೆ ಊರಿ,
ತಳ ಸೀಳಿ ಒಳಗೆ ಬಂದಿತ್ತು.
‘ಮೂರು ದಿನ ಮೊದಲೇ ಕಟಕಟ ಅಂದಿತ್ತು.
ನಾನೇ ರೇಡಿಯೋ ದೊಡ್ಡದು ಮಾಡಿದ್ದೆ.’

ಮೇಡಂ ಪೆನ್ನಿನ ಕ್ಯಾಪು ಹಾಕಿದರು.

ಹೈದರಾಬಾದಿನಿಂದ ಕೊಳವೆ ಬರಲು ಎಂಟು ದಿನ.
ಮೂರೂವರೆ ಇಂಚು ಅಗಲ, ಕ್ರೋಮಿಯಂ ಬೆರೆತ ಉಕ್ಕು.
ನಾನು ತುದಿ ಕಡೆದೆ, ಉಸ್ತಾದ ಬೆಸೆದರು,
ಬ್ಯಾಲೆನ್ಸಿಗೆ ಇಟ್ಟು ತಿರುಗಿಸಿ
ಅಡಿಕೆ ಚೂರಿನಷ್ಟು ತೂಕ ಒಂದು ಕಡೆ ಅಂಟಿಸಿದೆವು.
ಬಿದ್ದರೂ ನೆಲ ಮುಟ್ಟದಂತೆ ಕೆಳಗೊಂದು ಕಬ್ಬಿಣದ ಬಳೆ.
ಅದಕ್ಕೆ ಬಿಲ್ಲು ಹಾಕಬೇಡ ಅಂದರು.

ಕೊನೆಗೆ ಮೇಡಂ ಪರ್ಸಿನಿಂದ ಚಾಕ್‌ಪೀಸು ತೆಗೆದು
ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದರು,
ಬೋರ್ಡಿನ ಮೇಲೆ ಎಳೆಯುವ ಹಾಗೆ, ಉಸಿರು ಹಿಡಿದು.
ಉಸ್ತಾದ ಅದರ ಮೇಲೆ ಬಿಳಿ ಪೇಂಟು ಹಚ್ಚಿದರು.
ಒಣಗುವ ಮೊದಲೇ ತೊಗರಿ ಹೊಟ್ಟು ಬಂದು ಕೂತಿತು.
ಇರಲಿ ಅಂದರು.

ಶಹಾಬಾದಿನ ಆಚೆ, ಮುಚ್ಚಿದ ಕಾರ್ಖಾನೆಯ ಒಳದಾರಿ,
ನಸುಕಿನ ಆರು ಗಂಟೆ.
ಮೇಡಂ ಕ್ಲಚ್ಚು ಬಿಟ್ಟಾಗ
ಬಿಳಿ ಧೂಳು ಎದ್ದು ನಮ್ಮ ಮೂವರ ನೆರಳನ್ನೂ ನುಂಗಿತು.
ಮೂರು ಸಲ ಓಡಿಸಿದರು.
ನಾನು ಎಣಿಸಲಿಲ್ಲ, ನಾಯಿಗಳು ಎಣಿಸಿ ಬೊಗಳಿದವು.

ಜಾಕು ಏರಿಸಿ ಟಾರ್ಚು ಹಿಡಿದೆ.
ಗೆರೆ ಇತ್ತು. ನೇರ ಇರಲಿಲ್ಲ.
ಈ ತುದಿಯಲ್ಲಿ ಮೇಲಿದ್ದದ್ದು ಆ ತುದಿಗೆ ಹೋಗುವಷ್ಟರಲ್ಲಿ
ಗೋಧಿ ಕಾಳಿನಷ್ಟು ಪಕ್ಕಕ್ಕೆ ವಾಲಿತ್ತು.
ಹೊಟ್ಟಿನ ಚೂರು ಅಲ್ಲೇ, ಗೆರೆಯ ಜೊತೆಗೇ ಸರಿದು ಕೂತಿತ್ತು.

‘ಏನನ್ನತದ?’ ಮೇಡಂ ಬಗ್ಗಿ ಕೇಳಿದರು, ಎಡಗಿವಿಯ ಕಡೆಯಿಂದ.

ಉಸ್ತಾದ ಬಿಸಿ ಕೊಳವೆಯ ಮೇಲೆ ಅಂಗೈ ಇಟ್ಟು
ಬಹಳ ಹೊತ್ತು ತೆಗೆಯಲಿಲ್ಲ.
‘ಸಬೂರ್. ಇನ್ನೂ ಮಾತಾಡ್ಲತ್ತದ.’